ಟೇಬಲ್ ಮೇಲೆ ಕೈ ಊರಿ ಹೊಡೆಯೋದಕ್ಕೂ ನಿಂತು ಹೊಡೆಯೋದಕ್ಕೂ ಏನು ವ್ಯತ್ಯಾಸ? ಗುರಿ ಶೂಟಿಂಗ್ ಬಗ್ಗೆ ಗೊತ್ತಿರಬೇಕಾದ ಮಾಹಿತಿ

ಬಿಳಿಗೆರೆ: ಸುತ್ತೂರು ಜಾತ್ರೆ ಇರಲಿ, ನಂಜನಗೂಡಿನ ದೊಡ್ಡ ಜಾತ್ರೆ ಇರಲಿ, ತಿ.ನರಸೀಪುರ ಕಡೆಯ ಮುಡುಕುತೊರೆ ಜಾತ್ರೆ ಇರಲಿ, ಬಲೂನಿಗೆ ಹೊಡೆಸುವ ಅಂಗಡಿ ಅಂತ ಒಂದು ಇದ್ದೇ ಇರುತ್ತೆ. ಹಲಗೆಗೆ ಸಾಲಾಗಿ ಕಟ್ಟಿದ ಬಲೂನು, ಮುಂದೆ ಅಡ್ಡಲಾಗಿ ಒಂದು ಟೇಬಲ್ಲು, ಅದರ ಮೇಲೆ ಎರಡು ಏರ್ ಗನ್. ದುಡ್ಡು ಕೊಟ್ಟವರಲ್ಲಿ ಕೆಲವರು ನೆಟ್ಟಗೆ ನಿಂತು ಹೊಡೀತಾರೆ. ಕೆಲವರು ಎರಡೂ ಮೊಣಕೈಯನ್ನ ಟೇಬಲ್ ಮೇಲೆ ಊರಿ, ಮೈ ಬಗ್ಗಿಸಿ, ಆರಾಮಾಗಿ ಹೊಡೀತಾರೆ. ಊರಿ ಹೊಡೆದವನ ಬಲೂನು ಜಾಸ್ತಿ ಒಡೆಯುತ್ತೆ. ಆಮೇಲೆ ಮಾತು ಶುರು: ‘ಊರ್ಕಂಡು ಹೊಡುದ್ರೆ ನಮ್ಮಜ್ಜೀನೂ ಹೊಡೀತಾಳೆ ಬುಡ್ಲಾ.’

ಮಾತು ತಮಾಷೆಯದ್ದೇ. ಆದರೆ ಶೂಟಿಂಗ್ ಅನ್ನೋ ಕ್ರೀಡೆ ಪೂರ್ತಿ ನಿಂತಿರೋದು ಇದೇ ಪ್ರಶ್ನೆ ಮೇಲೆ. ಗನ್ನಿಗೆ ಆಸರೆ ಕೊಟ್ಟು ಹೊಡೆದರೆ ಗೊತ್ತಾಗೋದು ಒಂದು, ಆಸರೆ ಇಲ್ಲದೆ ಹೊಡೆದರೆ ಗೊತ್ತಾಗೋದು ಇನ್ನೊಂದು. ಇವೆರಡನ್ನ ಕಲಸಿಕೊಂಡವರು ದುಡ್ಡು ಕಳಕೊಳ್ತಾರೆ. ಮಗ ಹತ್ತಕ್ಕೆ ಹತ್ತು ಹೊಡೆದ ಅಂತ ಸಾಲ ಮಾಡಿ ರೈಫಲ್ ಕೊಡಿಸೋ ಅಪ್ಪಂದಿರು ಇದ್ದಾರೆ. ಸರಿಯಿರೋ ಗನ್ನನ್ನೇ ಕೆಟ್ಟಿದೆ ಅಂತ ಅರ್ಧ ಬೆಲೆಗೆ ಮಾರೋರೂ ಇದ್ದಾರೆ. ಜಮೀನಲ್ಲಿ ಲೈಸೆನ್ಸ್ ಕೋವಿ ಇಟ್ಟುಕೊಂಡವರ ವಿಷಯಕ್ಕೆ ಬಂದರೆ ಲೆಕ್ಕ ದುಡ್ಡಿಗೆ ನಿಲ್ಲಲ್ಲ, ಪ್ರಾಣಕ್ಕೆ ಬರುತ್ತೆ.

ಒಂದು ಮಿಲಿಮೀಟರಿನ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ ನೋಡಿಬಿಡೋಣ. ಗನ್ನಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 50 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. ಹೊಡೆಯೋ ಹೊತ್ತಿಗೆ ಮುಂದಿನ ಸೈಟು ಬರೀ 1 ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ. 3 ಮೀಟರ್ ದೂರದ ಬಲೂನಿನಲ್ಲಿ ಆ ತಪ್ಪು 6 ಮಿಲಿಮೀಟರ್ ಆಗುತ್ತೆ. ಬಲೂನು ಅಂಗೈಗಿಂತ ದೊಡ್ಡದು, ಹಾಗಾಗಿ ಒಡೆಯುತ್ತೆ. ಅದೇ ತಪ್ಪು 10 ಮೀಟರ್‌ನಲ್ಲಿ 20 ಮಿಲಿಮೀಟರ್, 50 ಮೀಟರ್‌ನಲ್ಲಿ 10 ಸೆಂಟಿಮೀಟರ್.

ಈಗ ಸ್ಪರ್ಧೆಯ ಗುರಿ ಎಷ್ಟು ದೊಡ್ಡದು ನೋಡಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯ ಎಲ್ಲಕ್ಕಿಂತ ಹೊರಗಿನ ವೃತ್ತದ ಅಳತೆ 45.5 ಮಿಲಿಮೀಟರ್. ಅದರ ನಟ್ಟನಡುವೆ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ರಾಗಿ ಕಾಳು ಅದಕ್ಕಿಂತ ದಪ್ಪ ಇರುತ್ತೆ. 50 ಮೀಟರ್ ರೈಫಲ್‌ನಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಅದಕ್ಕೆ ತಾಗಬೇಕಾದರೆ ಮುಂದಿನ ಸೈಟು ಒಂದು ತಲೆಕೂದಲಿನ ದಪ್ಪಕ್ಕಿಂತ ಹೆಚ್ಚು ಆಚೀಚೆ ಆಗಬಾರದು.

ಮನುಷ್ಯನ ಮೈ ಅಷ್ಟು ಅಲುಗದೆ ನಿಲ್ಲೋದು ಸಾಧ್ಯವೇ ಇಲ್ಲ. ಉಸಿರು ಆಡುತ್ತೆ, ಎದೆ ಬಡಿಯುತ್ತೆ, ಮಾಂಸಖಂಡ ನಡುಗುತ್ತೆ, ಬರೀ ನಿಂತಿದ್ದರೂ ದೇಹ ಗಾಳಿಗೆ ಬಾಳೆಗಿಡ ಆಡಿದಂಗೆ ಸಣ್ಣಗೆ ಓಲಾಡ್ತಾನೇ ಇರುತ್ತೆ. ಬೇರೆ ಬೇರೆ ಭಂಗಿ ಅಂದರೆ ಈ ಓಲಾಟವನ್ನ ಎಷ್ಟು ಕಮ್ಮಿ ಮಾಡ್ತೀವಿ ಅನ್ನೋದರ ಲೆಕ್ಕ, ಅಷ್ಟೇ.

ಬೆಂಚ್ ಮೇಲೆ ಹೊಡೆಯೋದು

ಬೆಂಚ್ ಶೂಟಿಂಗ್‌ನಲ್ಲಿ ಶೂಟರ್ ಕುರ್ಚಿ ಮೇಲೆ ಕೂತಿರುತ್ತಾನೆ. ಮುಂದೆ ಗಟ್ಟಿಯಾದ ಮೇಜು. ವಿದೇಶದ ರೇಂಜ್‌ಗಳಲ್ಲಿ ಕಾಂಕ್ರೀಟಿನದ್ದೇ ಇರುತ್ತೆ, ಎಷ್ಟೋ ಕಡೆ ಮೂರೇ ಕಾಲಿನದ್ದು. ಕಾರಣ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ನಾಲ್ಕು ಕಾಲಿನ ಮಂಚ ನೆಲ ಸಮ ಇಲ್ಲದಿದ್ದರೆ ಅಲುಗುತ್ತೆ, ಮುಕ್ಕಾಲಿ ಎಲ್ಲಿಟ್ಟರೂ ಕೂರುತ್ತೆ. ರೈಫಲ್‌ನ ಮುಂಭಾಗದ ಮರ ಒಂದು ಮರಳು ಚೀಲದ ಮೇಲೆ, ಹಿಂದಿನ ಬಟ್ ಇನ್ನೊಂದು ಮರಳು ಚೀಲದ ಮೇಲೆ. ತೂಕ ಹೊರೋದು ಮೇಜು. ಶೂಟರ್ ಮಾಡೋದು ಗುರಿ ನೋಡೋದು, ಗಾಳಿ ನೋಡೋದು, ಟ್ರಿಗರ್ ಅದುಮೋದು.

ಇದಕ್ಕೇ ಅಂತ ಬೇರೆ ಸ್ಪರ್ಧೆಗಳೂ ಇವೆ, ಅದನ್ನ ಬೆಂಚ್‌ರೆಸ್ಟ್ ಅಂತಾರೆ. ಅಲ್ಲಿ ಕೆಲವು ಪಂದ್ಯಗಳಲ್ಲಿ ಅಂಕವೇ ಲೆಕ್ಕಕ್ಕಿಲ್ಲ. ಐದು ಗುಂಡು ಹೊಡೆದು, ಅತಿ ದೂರ ಬಿದ್ದ ಎರಡು ತೂತುಗಳ ನಡುವಿನ ಅಂತರ ಅಳೀತಾರೆ. ಯಾರದ್ದು ಕಮ್ಮಿಯೋ ಅವರು ಗೆದ್ದಂಗೆ. ಐದೂ ಗುಂಡು ಒಂದೇ ತೂತಿನಲ್ಲಿ ಹೋದಂತೆ ಕಾಣೋ ಕಾಗದಗಳೂ ಇರುತ್ತವೆ. ನೋಡೋರಿಗೆ ಇದರಲ್ಲಿ ಏನು ದೊಡ್ಡಸ್ತಿಕೆ ಅನ್ನಿಸಬಹುದು. ಆದರೆ ಮೈಯ ತಪ್ಪು ತೆಗೆದುಹಾಕಿದ ಮೇಲೆ ಉಳಿಯೋದು ಗನ್ನು, ಗುಂಡು, ಗಾಳಿ, ಟ್ರಿಗರ್ ಬೆರಳು. ಆ ನಾಲ್ಕನ್ನ ಹಿಡಿತಕ್ಕೆ ತರೋದೂ ಸಣ್ಣ ಕೆಲಸವಲ್ಲ. ‘ಊರ್ಕಂಡು ಹೊಡೆಯೋದು ಸುಲಭ’ ಅನ್ನೋರು ಗಾಳಿ ಬೀಸೋ ಮಧ್ಯಾಹ್ನ 50 ಮೀಟರ್‌ನಲ್ಲಿ ಒಂದು ಸಲ ಪ್ರಯತ್ನ ಮಾಡಬೇಕು.

ಒಲಿಂಪಿಕ್ಸ್‌ನಲ್ಲಿ ಮಾತ್ರ ಬೆಂಚ್ ಇಲ್ಲ. ಅಲ್ಲಿ ಪರೀಕ್ಷೆ ಮನುಷ್ಯನದ್ದು.

ನಿಂತು, ಮಂಡಿಯೂರಿ, ಮಲಗಿ

ರೈಫಲ್ ಕ್ರೀಡೆಯಲ್ಲಿ ಒಪ್ಪಿಕೊಂಡಿರೋ ಭಂಗಿ ಮೂರು. ಮಲಗಿ ಹೊಡೆಯೋದು ಎಲ್ಲಕ್ಕಿಂತ ಸ್ಥಿರ. ಹೊಟ್ಟೆ ನೆಲಕ್ಕೆ ತಾಗಿರುತ್ತೆ, ಎರಡೂ ಮೊಣಕೈ ನೆಲದ ಮೇಲೆ, ಎಡತೋಳಿಗೆ ಕಟ್ಟಿದ ಪಟ್ಟಿ ರೈಫಲ್‌ನ ತೂಕ ಹಿಡಿದಿರುತ್ತೆ. ಹಂಗಂತ ಮುಂಗೈಯನ್ನ ನೆಲಕ್ಕೇ ಒರಗಿಸೋ ಹಾಗಿಲ್ಲ, ನೆಲದಿಂದ ಕನಿಷ್ಠ 30 ಡಿಗ್ರಿ ಎದ್ದಿರಬೇಕು ಅಂತ ನಿಯಮ. ಇಲ್ಲದಿದ್ದರೆ ಕೈಯೇ ಮರಳು ಚೀಲ ಆಗಿಬಿಡುತ್ತಲ್ಲ.

ಮಂಡಿಯೂರಿ ಹೊಡೆಯೋವಾಗ ನೆಲಕ್ಕೆ ತಾಗೋದು ಮೂರು ಜಾಗ: ಬಲಗಾಲಿನ ಬೆರಳು, ಬಲಮಂಡಿ, ಎಡಪಾದ. ಬಲಪಾದದ ಕೆಳಗೆ ಒಂದು ಸುರುಳಿ ದಿಂಬು ಇಟ್ಟುಕೊಳ್ಳಬಹುದು. ಎಡಮೊಣಕೈ ಎಡಮಂಡಿ ಮೇಲೆ ಕೂರುತ್ತೆ. ಇದೂ ಒಂದು ಮುಕ್ಕಾಲಿಯೇ, ಆದರೆ ಮೂಳೆಯದ್ದು. ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿಯುತ್ತೆ.

ನಿಂತು ಹೊಡೆಯೋದು ಎಲ್ಲಕ್ಕಿಂತ ಕಷ್ಟ. ಪಟ್ಟಿ ಬಳಸೋ ಹಾಗಿಲ್ಲ. 10 ಮೀಟರ್ ಏರ್ ರೈಫಲ್ ತೂಕ ಹೆಚ್ಚೆಂದರೆ 5.5 ಕೆಜಿ ಇರಬಹುದು. ಅಂದರೆ ಐದು ಕೆಜಿ ಅಕ್ಕಿ ಚೀಲಕ್ಕಿಂತ ಒಂದು ಕೈ ಜಾಸ್ತಿ. ಅದನ್ನ ಎತ್ತಿ ಹಿಡಿದು, ಇಳಿಸಿ, ಮತ್ತೆ ಎತ್ತಿ, ಒಂದೂಕಾಲು ಗಂಟೆಯೊಳಗೆ 60 ಸಲ ಹೊಡೀಬೇಕು. ತೋಳಿನ ಬಲದ ಮೇಲೆ ಹಿಡಿದರೆ ಹತ್ತು ಸಲಕ್ಕೇ ಸುಸ್ತು. ಹಾಗಾಗಿ ಪಳಗಿದವರು ಎಡಮೊಣಕೈಯನ್ನ ಸೊಂಟದ ಮೂಳೆ ಮೇಲೆ ಕೂರಿಸಿ, ತೂಕವನ್ನ ಮೂಳೆ ಮೂಲಕ ನೆಲಕ್ಕೆ ಇಳಿಸ್ತಾರೆ. ತಲೆ ಮೇಲೆ ಕೊಡ ಹೊತ್ತ ಹೆಂಗಸರು ಕುತ್ತಿಗೆ ನೆಟ್ಟಗೆ ಇಟ್ಟು ನಡೆಯೋದು ನೋಡಿ, ಉಪಾಯ ಅದೇ. ಪಿಸ್ತೂಲಿನವರಿಗೆ ಅದೂ ಇಲ್ಲ. ಒಂದೇ ಕೈ ಚಾಚಿ ಹಿಡೀಬೇಕು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ತಂದಿದ್ದು, 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಕರ್ನಾಟಕದ ದಿವ್ಯಾ ಟಿ.ಎಸ್. ಅವರು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಚಿನ್ನ ಗೆದ್ದಿದ್ದು, ಎರಡೂ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ, ನಿಂತು, ಒಂದೇ ಕೈಯಲ್ಲಿ.

ಒಬ್ಬನೇ ಮನುಷ್ಯ, ಒಂದೇ ರೈಫಲ್, ಮೂರು ಅಂಕ

ಭಂಗಿ ಬದಲಾದರೆ ಎಷ್ಟು ವ್ಯತ್ಯಾಸ ಬರುತ್ತೆ ಅನ್ನೋದಕ್ಕೆ 2024ರ ಆಗಸ್ಟ್ 1ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ಲಿಗಿಂತ ಒಳ್ಳೆ ಉದಾಹರಣೆ ಸಿಗಲ್ಲ. 50 ಮೀಟರ್ ರೈಫಲ್ ಮೂರು ಭಂಗಿ ಸ್ಪರ್ಧೆ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು, ಒಟ್ಟು 451.4 ಅಂಕ. ಬಿಡಿಸಿ ನೋಡಿದರೆ, ಮಂಡಿಯೂರಿ 15 ಗುಂಡಿಗೆ 153.3. ಮಲಗಿ 15 ಗುಂಡಿಗೆ 156.8. ನಿಂತು 14 ಗುಂಡಿಗೆ 141.3. ಒಂದು ಗುಂಡಿಗೆ ಗರಿಷ್ಠ ಅಂಕ 10.9. ಸರಾಸರಿ ತೆಗೆದರೆ ಮಲಗಿದಾಗ 10.45, ಮಂಡಿಯೂರಿದಾಗ 10.22, ನಿಂತಾಗ 10.09.

ಅದೇ ಕೈ, ಅದೇ ಕಣ್ಣು, ಅದೇ ದಿನ. ಪ್ರಪಂಚದ ಮೂರನೇ ಸ್ಥಾನದ ಶೂಟರ್‌ಗೇ ಇಷ್ಟು ಇಳಿತ ಇದೆ ಅಂದ ಮೇಲೆ, ಹೊಸಬರು ಟೇಬಲ್ ಮೇಲಿಂದ ಎದ್ದು ನಿಂತ ತಕ್ಷಣ ಗುರಿ ಚದುರಿದರೆ ಆಶ್ಚರ್ಯ ಇಲ್ಲ. 2016ರ ರಿಯೊ ಒಲಿಂಪಿಕ್ಸ್‌ವರೆಗೆ ಪುರುಷರಿಗೆ ಬರೀ ಮಲಗಿ ಹೊಡೆಯೋ ಸ್ಪರ್ಧೆಯೂ ಬೇರೆ ಇತ್ತು. ಆಮೇಲೆ ತೆಗೆದುಹಾಕಿದರು.

ಆಸರೆ ಅಂದರೆ ಮೋಸ ಅಲ್ಲ

ಪ್ಯಾರಾ ಶೂಟಿಂಗ್‌ನಲ್ಲಿ ಎಸ್‌ಎಚ್-2 ಅಂತ ಒಂದು ವರ್ಗ ಇದೆ. ತೋಳಿನಲ್ಲಿ ರೈಫಲ್‌ನ ತೂಕ ಹೊರೋಕೆ ಆಗದವರಿಗೆ. ಅವರು ರೈಫಲ್ಲನ್ನ ಸ್ಪ್ರಿಂಗ್ ಇರೋ ಒಂದು ಸ್ಟ್ಯಾಂಡ್ ಮೇಲೆ ಇಟ್ಟು ಹೊಡೀತಾರೆ. ಸ್ಟ್ಯಾಂಡ್ ತೂಕ ಹೊರುತ್ತೆ, ಆದರೆ ಸ್ಪ್ರಿಂಗ್ ಇರೋದರಿಂದ ಗನ್ನು ಅಲ್ಲಾಡೋದು ನಿಲ್ಲಲ್ಲ, ಹಿಡಿದು ನಿಲ್ಲಿಸೋದು ಶೂಟರ್ ಕೆಲಸವೇ. ಈ ವರ್ಗದಲ್ಲಿ ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ 2022ರಲ್ಲಿ ಫ್ರಾನ್ಸ್‌ನ ಶಾತುರೂ ಪ್ಯಾರಾ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋಗಿ ಬಂದರು. ಬಲೂನ್ ಅಂಗಡಿ ಮುಂದೆ ‘ಊರ್ಕಂಡು ಹೊಡೆದ್ರೆ ಲೆಕ್ಕಕ್ಕಿಲ್ಲ’ ಅನ್ನೋರು ಇದನ್ನ ತಿಳ್ಕೊಂಡಿದ್ದರೆ ಒಳ್ಳೇದು. ಎಲ್ಲರಿಗೂ ಒಂದೇ ಆಸರೆ ಇದ್ದಾಗ ಸ್ಪರ್ಧೆ ಸ್ಪರ್ಧೆಯೇ. ಒಬ್ಬ ನಿಂತು, ಇನ್ನೊಬ್ಬ ಊರಿ ಹೊಡೆದು ಹೋಲಿಸಿದರೆ ಮಾತ್ರ ತಪ್ಪು.

ಸ್ಪ್ರಿಂಗ್ ಏರ್ ಗನ್ ಕೊಂಡವರು ಇಲ್ಲಿ ಓದಿ

ನಮ್ಮ ಕಡೆ ಜನ ಕೊಳ್ಳೋ ಏರ್ ಗನ್‌ಗಳಲ್ಲಿ ಬಹುಪಾಲು ನಳಿಕೆ ಮಡಿಸಿ ಲೋಡ್ ಮಾಡೋ ಸ್ಪ್ರಿಂಗ್ ಗನ್ನು. ಜಾತ್ರೆಯಲ್ಲಿ ಸಿಗೋದೂ ಅದೇ ಜಾತಿ. ಇದರಲ್ಲಿ ಒಂದು ವಿಚಿತ್ರ ಇದೆ, ಅಂಗಡಿಯಲ್ಲಿ ಯಾರೂ ಹೇಳಲ್ಲ.

ಟ್ರಿಗರ್ ಅದುಮಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನ ಮುಂದಕ್ಕೆ ದಬ್ಬುತ್ತೆ. ಆಗ ಗನ್ನು ಹಿಂದಕ್ಕೆ ಒದೆಯುತ್ತೆ. ಪಿಸ್ಟನ್ ತುದಿಗೆ ಬಂದು ಗಾಳಿಗೆ ಗುದ್ದಿ ನಿಂತಾಗ ಗನ್ನು ಮುಂದಕ್ಕೆ ಜಗ್ಗುತ್ತೆ. ಹಿಂದಕ್ಕೊಂದು, ಮುಂದಕ್ಕೊಂದು, ಎರಡು ಒದೆತ. ಮತ್ತೆ ಈ ಒದೆತ ಶುರುವಾಗೋ ಹೊತ್ತಿಗೆ ಪೆಲೆಟ್ಟು ಇನ್ನೂ ನಳಿಕೆ ಒಳಗೇ ಇರುತ್ತೆ. ಅಂದರೆ ಪೆಲೆಟ್ಟು ಹೊರಗೆ ಬರೋ ಮುಂಚೆಯೇ ಗನ್ನು ಅಲುಗಿರುತ್ತೆ. ಎಲ್ಲಿಗೆ ಅಲುಗಿತು ಅನ್ನೋದು ನೀವು ಹೇಗೆ ಹಿಡಿದಿದ್ದೀರಿ, ಯಾವುದರ ಮೇಲೆ ಇಟ್ಟಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ.

ಗನ್ನನ್ನ ಗಟ್ಟಿ ಟೇಬಲ್ ಮೇಲೋ ಕಾಂಪೌಂಡ್ ಗೋಡೆ ಮೇಲೋ ನೇರವಾಗಿ ಇಟ್ಟು ಹೊಡೆದರೆ ಅದು ಆ ಗಟ್ಟಿ ಜಾಗದಿಂದ ಪುಟಿಯುತ್ತೆ, ಪೆಲೆಟ್ಟು ಬೇರೆ ಕಡೆ ಹೋಗುತ್ತೆ. ಟೇಬಲ್ ಮೇಲೆ ಸೈಟ್ ಸರಿ ಮಾಡಿಕೊಂಡು ಎದ್ದು ನಿಂತು ಹೊಡೆದರೆ ಗುರಿ ಇನ್ನೊಂದು ಕಡೆ. ‘ನಿನ್ನೆ ಸರಿಯಾಗಿತ್ತು, ಇವತ್ತು ಗನ್ ಕೆಟ್ಟೋಯ್ತು’ ಅನ್ನೋ ದೂರುಗಳ ಮೂಲ ಎಷ್ಟೋ ಸಲ ಇಷ್ಟೇ.

ಪರಿಹಾರಕ್ಕೆ ಖರ್ಚಿಲ್ಲ. ಟೇಬಲ್ ಮೇಲೆ ಮರಳು ಚೀಲವೋ ಸುತ್ತಿದ ಟವೆಲ್ಲೋ ಇಡಿ. ಅದರ ಮೇಲೆ ನಿಮ್ಮ ಎಡ ಅಂಗೈ ಮಲಗಿಸಿ. ಅಂಗೈ ಮೇಲೆ ಗನ್ನಿನ ಮರದ ಭಾಗ ಸುಮ್ಮನೆ ಕೂರಲಿ, ಬೆರಳು ಬಿಗಿಯೋದು ಬೇಡ. ಬಟ್ಟನ್ನ ಭುಜಕ್ಕೆ ಒತ್ತಿ ಹಿಡಿಯೋದೂ ಬೇಡ. ಕೋಳಿಮರಿ ಹಿಡಿದಂಗೆ ಹಿಡಿದರೆ ಸಾಕು. ಗನ್ನು ತನ್ನ ಪಾಡಿಗೆ ತಾನು ಪ್ರತಿ ಸಲ ಒಂದೇ ಥರ ಅಲುಗಲಿ. ಒಂದೇ ಥರ ಅಲುಗಿದರೆ ಪೆಲೆಟ್ಟೂ ಒಂದೇ ಕಡೆ ಬೀಳುತ್ತೆ. ನಿಂತಾಗಲೂ ಇದೇ ಹಿಡಿತ, ಅಂಗೈ ಇಡೋ ಜಾಗವೂ ಅದೇ ಇರಲಿ. ಜಾಗ ಮರೆಯದಂಗೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿಕೊಂಡರೂ ಆಯ್ತು. ಯಾವ ಗನ್ನೇ ಆಗಲಿ ನಳಿಕೆಯನ್ನ ಮಾತ್ರ ಯಾವುದರ ಮೇಲೂ ಒರಗಿಸಬೇಡಿ. ಇಟ್ಟ ಜಾಗ ಒಂದಿಂಚು ಬದಲಾದರೂ ಗುಂಡು ಬೀಳೋ ಜಾಗ ಬದಲಾಗುತ್ತೆ.

ಸ್ಪ್ರಿಂಗ್ ಗನ್ನನ್ನ ಪೆಲೆಟ್ ಹಾಕದೆ ಖಾಲಿ ಹೊಡೆಯಬಾರದು. ಪಿಸ್ಟನ್‌ಗೆ ತಡೆ ಸಿಗದೆ ಲೋಹಕ್ಕೆ ಲೋಹ ಬಡಿದು ಸೀಲು ಹೋಗುತ್ತೆ. ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ಆಡಲಿ ಅನ್ನೋರಿಗೆ ರಿಪೇರಿ ಬಿಲ್ಲು ಗ್ಯಾರಂಟಿ.

ಜಾತ್ರೆ ಅಂಗಡಿಯ ಗನ್ನಿಗೂ ಒಂದು ಕಿವಿಮಾತು. ದಿನಾ ನೂರಾರು ಕೈ ಬದಲಾಗಿ ಅದರ ಸೈಟು ಎಲ್ಲೋ ವಾಲಿರುತ್ತೆ. ಮೊದಲ ಎರಡು ಪೆಲೆಟ್ ಕೈ ಊರಿ, ಒಂದೇ ಬಲೂನಿನ ನಡುವಿಗೆ ಇಟ್ಟು ಹೊಡೀರಿ. ತಪ್ಪಿದರೆ ಪೆಲೆಟ್ಟು ಯಾವ ಕಡೆ ಬಿತ್ತು ಹಲಗೆ ಮೇಲೆ ನೋಡಿ. ಎಡಕ್ಕೆ ಬಿದ್ದಿದ್ದರೆ ಮುಂದಿನ ಸಲ ಅಷ್ಟೇ ಬಲಕ್ಕೆ ಗುರಿ ಇಡಿ. ಇದು ಬೆಂಚ್ ಶೂಟಿಂಗ್‌ನ ಮೊದಲ ಪಾಠವೇ: ಗನ್ನು ಎಲ್ಲಿಗೆ ಹೊಡೆಯುತ್ತೆ ಅಂತ ಮೊದಲು ತಿಳ್ಕೊಳ್ಳೋದು, ಆಮೇಲೆ ತನ್ನ ಕೈ ನೋಡಿಕೊಳ್ಳೋದು.

ತಪ್ಪು ಗನ್ನಿನದ್ದಾ, ಕೈಯದ್ದಾ?

ಇದನ್ನ ಪತ್ತೆ ಮಾಡೋಕೆ ಬೆಂಚ್‌ಗಿಂತ ಒಳ್ಳೆ ಸಾಧನ ಇಲ್ಲ. 10 ಮೀಟರ್ ಅಳೆದು ಕಾಗದ ಕಟ್ಟಿ. ಕೂತು, ಮರಳು ಚೀಲದ ಮೇಲೆ, ಮೇಲೆ ಹೇಳಿದ ಹಿಡಿತದಲ್ಲಿ ಐದು ಹೊಡೀರಿ. ಇನ್ನೊಂದು ಕಾಗದಕ್ಕೆ ನಿಂತು ಐದು ಹೊಡೀರಿ. ಕೂತು ಹೊಡೆದದ್ದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿದ್ದು, ನಿಂತು ಹೊಡೆದದ್ದು ತಟ್ಟೆಯಗಲ ಚದುರಿದ್ದರೆ ಗನ್ನಿಗೆ ಏನೂ ಆಗಿಲ್ಲ, ಅಭ್ಯಾಸ ಬೇಕು. ಕೂತಾಗಲೂ ಅಷ್ಟೇ ಚದುರಿದ್ದರೆ ಗನ್ನಿನ ಸ್ಕ್ರೂಗಳು ಸಡಿಲ ಇದೆಯಾ, ಸೈಟು ಅಲ್ಲಾಡುತ್ತಾ, ಪೆಲೆಟ್ಟಿನ ಅಂಚು ನಜ್ಜುಗುಜ್ಜಾಗಿದೆಯಾ ನೋಡಿ. ಎಲ್ಲಾ ಒಂದೇ ಕಡೆ ಗುಂಪಾಗಿ ಬಿದ್ದು, ಗುಂಪು ನಡುವಿನಿಂದ ದೂರ ಇದ್ದರೆ ಅದು ಒಳ್ಳೆ ಸುದ್ದಿ, ಬರೀ ಸೈಟ್ ತಿರುಗಿಸಿದರೆ ಮುಗೀತು. ಹಿಂದಿನ ಸೈಟನ್ನ ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೇ ಸರಿಸಬೇಕು.

ಬೆಂಚ್ ಮುಚ್ಚಿಹಾಕೋಕಾಗದ ಒಂದೇ ತಪ್ಪು ಟ್ರಿಗರ್‌ನದ್ದು. ಟ್ರಿಗರ್ ಅದುಮೋದು ಬಿಟ್ಟು ಜಗ್ಗಿ ಎಳೆಯೋರಿಗೆ ಮರಳು ಚೀಲವೂ ಸಹಾಯ ಮಾಡಲ್ಲ.

ನಿಂತು ಹೊಡೆಯೋರಿಗೆ ಒಂದು ಸುಲಭ ಪರೀಕ್ಷೆ: ಗುರಿ ಹಿಡಿದು ಕಣ್ಣು ಮುಚ್ಚಿ, ಎರಡು ಉಸಿರು ಎಳೆದು ಬಿಟ್ಟು ಕಣ್ಣು ತೆರೆಯಿರಿ. ಗನ್ನು ಪಕ್ಕಕ್ಕೆ ವಾಲಿದ್ದರೆ ಕೈಯಿಂದ ಎಳೆದು ತರಬೇಡಿ, ಪಾದ ಸರಿಸಿ ನಿಲ್ಲಿ. ಉಸಿರು ಅರ್ಧ ಬಿಟ್ಟು ತಡೆದು ಏಳೆಂಟು ಸೆಕೆಂಡಿನಲ್ಲಿ ಹೊಡೆಯಬೇಕು. ಆಗಲಿಲ್ಲ ಅಂದರೆ ಗನ್ ಇಳಿಸಿ ಮತ್ತೆ ಶುರು ಮಾಡಬೇಕು. ಹಠ ಹಿಡಿದು ನಿಂತರೆ ಕಣ್ಣು ಮಂಜಾಗುತ್ತೆ, ಕೈ ನಡುಕ ಜಾಸ್ತಿಯಾಗುತ್ತೆ.

ಕೊಡಗಿನ ತೆಂಗಿನಕಾಯಿ, ಎನ್‌ಸಿಸಿಯ ನೆಲ

ನಮ್ಮ ಪಕ್ಕದ ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದ ಕೈಲ್‌ಪೋದ್ ಹೊತ್ತಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತೆ. ಮರಕ್ಕೆ ಕಾಯಿ ಕಟ್ಟಿರ್ತಾರೆ, ಗಂಡಸರು ಹೆಂಗಸರು ಇಬ್ಬರೂ ಕೋವಿ ಹಿಡೀತಾರೆ. ಅಲ್ಲಿ ಮರ್ಯಾದೆ ಇರೋದು ನಿಂತು ಹೊಡೆದ ಗುಂಡಿಗೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆ ವಿನಾಯಿತಿ ನಂಜನಗೂಡು, ತಿ.ನರಸೀಪುರದವರಿಗೆ ಅನ್ವಯ ಆಗಲ್ಲ. ‘ಕೊಡಗಿನ ಸ್ನೇಹಿತನ ಕೋವಿ’ ಅಂತ ಇಲ್ಲಿಗೆ ತಂದು ಹೊಡೆದರೆ ಕೇಸು.

ಕಾಲೇಜು ಹುಡುಗ ಹುಡುಗಿಯರಿಗೆ ನಿಜವಾದ ಗುಂಡು ಹೊಡೆಯೋ ಮೊದಲ ಅವಕಾಶ ಸಿಗೋದು ಸಾಮಾನ್ಯವಾಗಿ ಎನ್‌ಸಿಸಿ ಕ್ಯಾಂಪಿನಲ್ಲಿ. ಅಲ್ಲಿ .22 ರೈಫಲ್, ಮಲಗಿದ ಭಂಗಿ, ‘ಗ್ರೂಪಿಂಗ್’ ಅಂದರೆ ಗುಂಡುಗಳು ಎಷ್ಟು ಹತ್ತಿರ ಬಿದ್ದಿವೆ ಅನ್ನೋದೇ ಮುಖ್ಯ. ಹೊಸಬರಿಗೆ ಮೊದಲು ಮಲಗಿಸೋದಕ್ಕೆ ಕಾರಣ ಇದೆ. ಭಂಗಿ ಸ್ಥಿರವಾಗಿದ್ದಾಗ ಉಸಿರು, ಸೈಟು, ಟ್ರಿಗರ್ ಈ ಮೂರನ್ನ ಕಲಿಯೋಕೆ ಮನಸ್ಸು ಸಿಗುತ್ತೆ. ಜೊತೆಗೆ ನಳಿಕೆ ಯಾವಾಗಲೂ ಮುಂದಕ್ಕೇ ಇರುತ್ತೆ, ಪಕ್ಕದವನ ಕಡೆ ತಿರುಗೋ ಭಯ ಕಮ್ಮಿ. ಕ್ಯಾಂಪಿನಲ್ಲಿ ಒಳ್ಳೆ ಗ್ರೂಪಿಂಗ್ ಮಾಡಿದ ಮಕ್ಕಳನ್ನ ನೋಡಿ ಮನೆಯವರು ‘ಒಲಿಂಪಿಕ್ಸ್‌ಗೆ ಕಳಿಸೋಣ’ ಅಂತ ಹೊರಡೋದು ಉಂಟು. ಹೊರಡೋ ಮುಂಚೆ ಒಂದು ಮಾತು ಗಮನಿಸಬೇಕು. ಆ ಗ್ರೂಪಿಂಗ್ ಬಂದದ್ದು ಮಲಗಿ. ಈಗ ಎಳೆಯರ ಸ್ಪರ್ಧೆಗಳು ಬಹುಪಾಲು ನಡೆಯೋದು 10 ಮೀಟರ್‌ನಲ್ಲಿ, ನಿಂತು. ಸ್ಪರ್ಧೆ ಮಟ್ಟದ ಆಮದು ಏರ್ ರೈಫಲ್ ಲಕ್ಷ ದಾಟುತ್ತೆ, ಜಾಕೆಟ್ಟು, ಪೆಲೆಟ್ಟು, ಕೋಚಿಂಗ್ ಬೇರೆ. ಮೊದಲು ಕ್ಲಬ್‌ನ ಗನ್ನಿನಲ್ಲೇ ಕೆಲವು ತಿಂಗಳು ನಿಂತು ಹೊಡೆಸಿ, ಅಂಕ ಬರೆದಿಟ್ಟು ನೋಡಿ ಆಮೇಲೆ ಚೀಲಕ್ಕೆ ಕೈ ಹಾಕೋದು ವಾಸಿ. ಟೇಬಲ್ ಮೇಲೆ ಇಟ್ಟು ಹೊಡೆಸಿ ‘ನೋಡಿ ನಿಮ್ಮ ಹುಡುಗನ ಟ್ಯಾಲೆಂಟು’ ಅಂತ ತೋರಿಸೋ ಜಾಗದಲ್ಲಿ ಫೀಸ್ ಕಟ್ಟೋ ಮುಂಚೆ, ನಿಂತು ಹೊಡೆದ ಕಾಗದ ತೋರಿಸಿ ಅಂತ ಕೇಳಿ.

ಲೈಸೆನ್ಸ್, ಜಮೀನು, ಹಿಂದೆ ಏನಿದೆ

4.5 ಮಿಲಿಮೀಟರ್ ನಳಿಕೆಯ, 20 ಜೂಲ್ ಶಕ್ತಿ ಮೀರದ ಏರ್ ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಅದಕ್ಕಿಂತ ಮೇಲಿನದಕ್ಕೆ ಬೇಕು. .22 ರೈಫಲ್, ನಾಡಕೋವಿ, ಜೋಡುನಳಿಕೆ ಕೋವಿ ಎಲ್ಲಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಕಡ್ಡಾಯ, ಅರ್ಜಿ ಜೊತೆ ಸುರಕ್ಷತಾ ತರಬೇತಿ ಪಡೆದ ಪತ್ರವೂ ಬೇಕು. ಮೈಸೂರಿನಲ್ಲಿ ಪೊಲೀಸ್ ಇಲಾಖೆ ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತೆ. ಹವ್ಯಾಸಕ್ಕೆ ಕಲಿಯೋರಿಗೂ ಅದು ಒಳ್ಳೆ ದಾರಿ.

ಲೈಸೆನ್ಸ್ ಬೇಡ ಅಂದರೆ ಎಲ್ಲಿಗಾದರೂ ಹೊಡೀಬಹುದು ಅಂತಲ್ಲ. ನವಿಲು, ಕೊಕ್ಕರೆ, ಮೊಲಕ್ಕೆ ಏರ್ ಗನ್‌ನಲ್ಲಿ ಹೊಡೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೇ. ಪೆಲೆಟ್ಟು ಸೀಸದ್ದು, ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬಾರದು, ಸೋಪು ಹಾಕಿ ತೊಳೀಬೇಕು.

ಬೆಳೆ ಕಾವಲಿಗೆ ಅಂತ ಲೈಸೆನ್ಸ್ ಕೋವಿ ಇಟ್ಟುಕೊಂಡ ರೈತರ ವಿಷಯ ಬೇರೆಯೇ. ಅಟ್ಟಣೆಯ ಬಿದಿರಿಗೆ ಒರಗಿಸಿ ಹೊಡೆಯೋ ಅಭ್ಯಾಸ ಇರೋರಿಗೆ ತನ್ನ ಗುರಿ ಬಲು ಖಚಿತ ಅನ್ನೋ ನಂಬಿಕೆ ಬಂದುಬಿಡುತ್ತೆ. ಅದು ಬಿದಿರಿನ ಖಚಿತ. ರಾತ್ರಿ ಕೆಳಗಿಳಿದು, ಬ್ಯಾಟರಿ ಬೆಳಕಿನಲ್ಲಿ, ಓಡಿ ಬಂದ ಏದುಸಿರಿನಲ್ಲಿ, ನಿಂತು ಹೊಡೆದಾಗ ಅದೇ ಕೋವಿಯ ಗುಂಡು ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಕಬ್ಬಿನ ಗದ್ದೆಯಾಚೆ ನೀರು ಕಟ್ಟೋಕೆ ಬಂದ ಇನ್ನೊಬ್ಬ ರೈತ ಇರಬಹುದು. ಸಣ್ಣದು ಅನ್ನಿಸೋ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್‌ವರೆಗೆ ಹೋಗಬಲ್ಲದು, ಅಂದರೆ ಒಂದೂರಿನ ಜಮೀನಿನಿಂದ ಪಕ್ಕದೂರಿನ ಜಮೀನಿಗೆ.

ಹಾಗಾಗಿ ಅಂಗಳದಲ್ಲಿ ಏರ್ ಗನ್ ಆಡೋರಾಗಲಿ, ಯಾರಾಗಲಿ, ಭಂಗಿಗಿಂತ ಮೊದಲು ನೋಡಬೇಕಾದ್ದು ಗುರಿಯ ಹಿಂದೆ ಏನಿದೆ ಅನ್ನೋದನ್ನ. ಕಲ್ಲುಗೋಡೆ, ಸಿಮೆಂಟ್ ತೊಟ್ಟಿ, ಕಬ್ಬಿಣದ ತಗಡಿನ ಮುಂದೆ ಗುರಿ ಕಟ್ಟಬೇಡಿ, ಪೆಲೆಟ್ಟು ವಾಪಸ್ ಪುಟಿದು ಕಣ್ಣಿಗೆ ಬರುತ್ತೆ. ರಟ್ಟಿನ ಡಬ್ಬಕ್ಕೆ ಹಳೇ ಪೇಪರ್ ಒತ್ತಿ ತುಂಬಿ, ಅದರ ಹಿಂದೆ ಎರಡು ಮರಳು ಮೂಟೆ ಇಟ್ಟರೆ ಸಾಕು. ಬೆಂಚ್ ಮೇಲೆ ಹೊಡೆಯುವಾಗ ಗನ್ನಿನ ಎತ್ತರ ಕಮ್ಮಿ, ನಿಂತಾಗ ಜಾಸ್ತಿ. ಕೂತಾಗ ಸರಿಯಾಗಿದ್ದ ಮೂಟೆಯ ಎತ್ತರ ನಿಂತು ಹೊಡೆಯೋರಿಗೆ ಸಾಕಾಗಲ್ಲ, ಚದುರೋ ಗುಂಡಿಗೆ ಅಗಲವೂ ಬೇಕು. ಹೊಸಬರು ಎದ್ದು ನಿಲ್ಲೋ ಮುಂಚೆ ಇನ್ನೆರಡು ಮೂಟೆ ಪಕ್ಕದಲ್ಲಿ, ಎರಡು ಮೇಲೆ ಪೇರಿಸಿಕೊಳ್ಳಬೇಕು. ಹೊಡೆದ ಕಾಗದದ ಮೂಲೆಯಲ್ಲಿ ತಾರೀಖು, ಎಷ್ಟು ಮೀಟರ್, ಕೂತಾ ನಿಂತಾ ಅಂತ ಪೆನ್ನಿನಲ್ಲಿ ಬರೆದಿಟ್ಟರೆ ಮುಂದಿನ ತಿಂಗಳು ಹೋಲಿಸೋಕೆ ಬರುತ್ತೆ.